ಎಲ್ಲಾ ಬೇಕು, ಜೇಬಲ್ಲೇ ಬೇಕು

ಹೊಸ ಫೈಟಿಂಗ್ ಗೇಮ್ ಒಂದು ಬರುತ್ತಿದೆ ಅಂತ ಸುದ್ದಿ ಬಿದ್ದರೆ ಸಾಕು, ಅದನ್ನು ಮನೆಯ ಕನ್ಸೋಲಿಗೆ, ಅಲ್ಲಿಂದ ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರಕ್ಕೆ ಹೇಗೆ ಇಳಿಸಬೇಕು ಎಂಬ ಯೋಜನೆ ಅಭಿಮಾನಿಗಳ ಹತ್ತಿರ ರೆಡಿ. ಕಂಪನಿಯವರು ಇನ್ನೂ ಆಟ ಮುಗಿಸಿರುವುದಿಲ್ಲ. ಇವರು ಹ್ಯಾಂಡ್‌ಹೆಲ್ಡ್ ಆವೃತ್ತಿಯ ಡಬ್ಬಿ ಮೇಲಿನ ಚಿತ್ರ ಬರೆದು, ಡಬ್ಬಿಯ ಹಿಂದೆ ಏನು ಅಚ್ಚು ಹಾಕಬೇಕು ಅನ್ನೋದನ್ನೂ ತೀರ್ಮಾನಿಸಿರುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದು ಹಳೇ ಮಾತು. ಇಲ್ಲಿ ಕುಲಾವಿಗೆ ಮೂರು ಬಣ್ಣ, ಜೊತೆಗೊಂದು ಲಿಮಿಟೆಡ್ ಎಡಿಷನ್.

ಯೋಜನೆಯ ಮೊದಲ ಸಾಲು ಯಾವಾಗಲೂ ವಿನಯದ್ದು: 'ಜಾಸ್ತಿ ಏನೂ ಬೇಡ.' ಎರಡನೇ ಸಾಲಿನಿಂದ ಪಟ್ಟಿ ಶುರು. ಇದುವರೆಗೆ ಬಂದ ಎಲ್ಲಾ ಭಾಗಗಳ ಎಲ್ಲಾ ಕ್ಯಾರೆಕ್ಟರ್‌ಗಳು ಬೇಕು, ಸತ್ತವರೂ ಸೇರಿ. ಸತ್ತವರು ಎದ್ದು ಬಂದದ್ದು ಹೇಗೆ ಅಂತ ಹೇಳಲು ಸ್ಟೋರಿ ಮೋಡ್ ಬೇಕು. ಪ್ರತಿಯೊಬ್ಬರಿಗೂ ಹಳೇ ಬಟ್ಟೆ, ಹೊಸ ಬಟ್ಟೆ, ಸಮುದ್ರಸ್ನಾನದ ಬಟ್ಟೆ. ಬೇರೆ ಕಂಪನಿಯ ಆಟದಿಂದ ಇಬ್ಬರು ಅತಿಥಿಗಳು. ಅವರನ್ನು ಕೇಳಿ ತರುವುದು ವಕೀಲರ ಕೆಲಸ. ಆನ್‌ಲೈನ್ ಇರಬೇಕು, ಲ್ಯಾಗ್ ಇರಬಾರದು. ಲೋಡಿಂಗ್ ಅಂತೂ ಕಣ್ಣಿಗೇ ಬೀಳಬಾರದು. ಬ್ಯಾಟರಿ ಬೆಳಗ್ಗೆಯಿಂದ ರಾತ್ರಿವರೆಗೆ ಬರಬೇಕು. ಕೊನೆಗೆ ಸಹಿ ಹಾಕುವ ಜಾಗದಲ್ಲಿ ಒಂದು ಮಾತು: 'ಐಡಿಯಾ ಫ್ರೀಯಾಗಿ ಕೊಟ್ಟಿದ್ದೀನಿ, ಕೋಡಿಂಗ್ ಗೀಡಿಂಗ್ ಕಂಪನಿಯವರೇ ನೋಡಿಕೊಳ್ಳಲಿ.'

ಬಟನ್‌ಗಳ ವಿಷಯಕ್ಕೆ ಬಂದಾಗಲೇ ನೋಡಿ ಪ್ರತಿಭೆ ಉಕ್ಕುವುದು. ಆಟಕ್ಕೆ ಆರು ಬಟನ್, ಕೈಯಲ್ಲಿರುವ ಯಂತ್ರಕ್ಕೆ ಎರಡು. ಅದಕ್ಕೇನಂತೆ? ಮೆಲ್ಲಗಿನ ಪಂಚ್‌ಗೆ ಎ. ನಡುವಿನದಕ್ಕೆ ಎ ಜೊತೆ ಸೆಲೆಕ್ಟ್. ಜೋರಿನದಕ್ಕೆ ಅವೆರಡನ್ನೂ ಒತ್ತಿ ಯಂತ್ರವನ್ನೇ ಎಡಕ್ಕೆ ವಾಲಿಸಬೇಕು. ಕಿಕ್‌ಗಳಿಗೆ ಬಲಕ್ಕೆ. ಸೂಪರ್ ಮೂವ್ ಬೇಕಾದರೆ ಮೈಕಿಗೆ ಊದಬೇಕು. ಯೋಜನೆ ಬರೆದವರಿಗೆ ಹೆಬ್ಬೆರಳು ಎಷ್ಟಿವೆಯೋ ಗೊತ್ತಿಲ್ಲ. ಮೂಗನ್ನೂ ಲೆಕ್ಕಕ್ಕೆ ತೆಗೆದುಕೊಂಡಿರಬೇಕು.

ಈ ಪಟ್ಟಿಯಲ್ಲಿ ಕೂಡುವ ಲೆಕ್ಕ ಮಾತ್ರ ಇದೆ. ಆದರೆ ಆರ್ಕೇಡಿನಿಂದ (ನಾಣ್ಯ ಹಾಕಿ ಆಡುವ ದೊಡ್ಡ ಯಂತ್ರಗಳ ಜಾಗ) ಮನೆಗೆ, ಮನೆಯಿಂದ ಜೇಬಿಗೆ ಬಂದ ಫೈಟಿಂಗ್ ಗೇಮ್‌ಗಳ ಚರಿತ್ರೆ ಬಹುಪಾಲು ಕಳೆಯುವ ಲೆಕ್ಕ. 'ಸ್ಟ್ರೀಟ್ ಫೈಟರ್ 2' ಆರ್ಕೇಡಿಗೆ ಬಂದದ್ದು 1991ರಲ್ಲಿ, ಮೂರು ಪಂಚ್, ಮೂರು ಕಿಕ್ ಬಟನ್‌ಗಳೊಂದಿಗೆ. ಮರುವರ್ಷ ಸೂಪರ್ ನಿಂಟೆಂಡೊ ಎಂಬ ಮನೆ ಕನ್ಸೋಲಿಗೆ ಬಂದಾಗ ಅದರ ಕಂಟ್ರೋಲರಿನಲ್ಲಿ ಸರಿಯಾಗಿ ಆರು ಬಟನ್ ಇದ್ದವು, ಬಚಾವ್. ಸೆಗಾ ಮೆಗಾ ಡ್ರೈವಿಗೆ ಇದ್ದದ್ದು ಮೂರೇ. ಅದರಲ್ಲಿ ಆಡುವವರು ಪಂಚ್‌ನಿಂದ ಕಿಕ್‌ಗೆ ಹೋಗಲು ಸ್ಟಾರ್ಟ್ ಒತ್ತಬೇಕು. ಎದುರಾಳಿ ಗಾಳಿಯಲ್ಲಿ ಹಾರಿ ಮೈಮೇಲೆ ಬೀಳುತ್ತಿದ್ದಾನೆ, ನೀವು ಇಲ್ಲಿ ಸ್ಟಾರ್ಟ್ ಹುಡುಕುತ್ತಿದ್ದೀರಿ. ಸೆಗಾದವರೂ ಸಾಕಾಗಿ 1993ರಲ್ಲಿ ಆರು ಬಟನ್‌ನ ಹೊಸ ಕಂಟ್ರೋಲರನ್ನೇ ತಂದರು.

1995ರಲ್ಲಿ ಅದೇ ಆಟ ಕೈಯಲ್ಲಿ ಹಿಡಿಯುವ ಗೇಮ್ ಬಾಯ್‌ಗೂ ಇಳಿಯಿತು. ಅಗಲಕ್ಕೆ 160, ಎತ್ತರಕ್ಕೆ 144 ಚುಕ್ಕಿಗಳ ಪರದೆ. ಬಣ್ಣ ಅಂತ ಇದ್ದದ್ದು ಬರೀ ನಾಲ್ಕು ಛಾಯೆ. ಎರಡು ಬಟನ್‌ಗಳಲ್ಲಿ ಒಂದು ಪಂಚ್, ಒಂದು ಕಿಕ್. ಮುಟ್ಟಿ ಬಿಟ್ಟರೆ ಮೆಲ್ಲಗಿನ ಏಟು, ಸ್ವಲ್ಪ ಹೊತ್ತು ಅದುಮಿದರೆ ಜೋರಿನದು. ಹನ್ನೆರಡು ಜನರಲ್ಲಿ ಒಂಬತ್ತು ಜನ ಹತ್ತಿದರು, ಮೂವರು ಕೆಳಗೇ ಉಳಿದರು: ಇ. ಹೊಂಡಾ, ವೇಗಾ ಮತ್ತು ನಮ್ಮ ಯೋಗಿ ಧಾಲ್ಸಿಮ್. ಧಾಲ್ಸಿಮ್ ಇದ್ದ ಜಾಗದಿಂದಲೇ ಕೈಕಾಲು ಉದ್ದ ಮಾಡಿ ಒದೆಯುವ ಆಸಾಮಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. 160 ಚುಕ್ಕಿಯ ಹಾಸಿಗೆಯಲ್ಲಿ ಅವನನ್ನು ಮಲಗಿಸುವುದು ಹೇಗೆ ಅಂತ ನನಗೂ ಹೊಳೆಯುವುದಿಲ್ಲ.

'ಮಾರ್ಟಲ್ ಕಾಂಬ್ಯಾಟ್' ಕಥೆ ಇನ್ನೂ ಚೆಂದ. 1993ರಲ್ಲಿ ಮನೆಗಳಿಗೆ ಬಂದಾಗ ಸೂಪರ್ ನಿಂಟೆಂಡೊ ಆವೃತ್ತಿಯಲ್ಲಿ ರಕ್ತವೆಲ್ಲ ಬೆವರಾಗಿತ್ತು. ಮುಖಕ್ಕೆ ಗುದ್ದಿದರೆ ಬೂದು ಬಣ್ಣದ ಬೆವರು ಚಿಮ್ಮುತ್ತದೆ, ವ್ಯಾಯಾಮ ಜಾಸ್ತಿಯಾಯ್ತು ಅನ್ನುವ ಹಾಗೆ. ಗೇಮ್ ಬಾಯ್‌ನಲ್ಲಿ ಜಾನಿ ಕೇಜ್ ಇರಲೇ ಇಲ್ಲ. ಕಥೆಯಲ್ಲಿ ಅವನು ಸಿನಿಮಾ ಹೀರೋ. ಇಷ್ಟು ಚಿಕ್ಕ ಪರದೆಗೆ ಕಾಲ್‌ಶೀಟ್ ಕೊಡಲಿಲ್ಲ ಅನಿಸುತ್ತದೆ.

ಮೊದಲ ಪ್ಲೇಸ್ಟೇಷನ್ನಿಗೆ ಬಂದ 'ಎಕ್ಸ್-ಮೆನ್ ವರ್ಸಸ್ ಸ್ಟ್ರೀಟ್ ಫೈಟರ್' ಎಲ್ಲರನ್ನೂ ಮೀರಿಸಿತು. ಆ ಆಟದ ಮಜಾ ಇರುವುದೇ ಏಟು ತಿಂದವನನ್ನು ಒಳಗೆ ಕಳಿಸಿ ಜೊತೆಗಾರನನ್ನು ಹೊರಗೆ ಕರೆಯುವುದರಲ್ಲಿ. ಮೆಮೊರಿ ಸಾಲದೆ ಅದನ್ನೇ ತೆಗೆದುಬಿಟ್ಟರು. ಸೆಗಾ ಸ್ಯಾಟರ್ನ್‌ನಲ್ಲಿ ಅದು ಉಳಿದದ್ದು 4 ಎಂಬಿಯ ಹೆಚ್ಚುವರಿ ಮೆಮೊರಿ ಕಾರ್ಟ್ರಿಜ್ ಸಿಕ್ಕಿಸಿದ್ದರಿಂದ.

ಇದನ್ನೆಲ್ಲ ಹೇಳಿದರೆ, 'ಅದು ಆ ಕಾಲ ಸಾರ್, ಈಗ ಹಾರ್ಡ್‌ವೇರ್ ಎಲ್ಲಿಗೋ ಹೋಗಿದೆ' ಅನ್ನುತ್ತಾರೆ. ನಿಜ, ಹೋಗಿದೆ. ಸೆಕೆಂಡು ಮಾತ್ರ ಇದ್ದಲ್ಲೇ ಇದೆ. ಫೈಟಿಂಗ್ ಗೇಮ್ ಅಂದರೆ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಬಿಡಿ ಚಿತ್ರ. ಒಂದು ಫ್ರೇಮಿಗೆ ಸುಮಾರು 16.7 ಮಿಲಿಸೆಕೆಂಡ್. ಅಷ್ಟರಲ್ಲಿ ಯಂತ್ರ ಬಟನ್ ಓದಬೇಕು, ಏಟು ತಗುಲಿತೋ ತಪ್ಪಿತೋ ನೋಡಬೇಕು, ಇಬ್ಬರನ್ನೂ ಹಿಂದಿನ ಊರನ್ನೂ ಬರೆಯಬೇಕು. ಆನ್‌ಲೈನಿನಲ್ಲಿ ರೋಲ್‌ಬ್ಯಾಕ್ ಎಂಬ, ತಡ ಮುಚ್ಚುವ ತಂತ್ರ ಇದ್ದರೆ ದೂರದ ಎದುರಾಳಿ ಏನು ಒತ್ತುತ್ತಾನೆ ಅಂತ ಊಹೆ ಬೇರೆ ಮಾಡಬೇಕು. ಊಹೆ ತಪ್ಪಿದರೆ ಕೆಲವು ಫ್ರೇಮ್ ಹಿಂದೆ ಹೋಗಿ, ಆದದ್ದನ್ನೆಲ್ಲ ಮತ್ತೆ ಲೆಕ್ಕ ಹಾಕಿ, ಏನೂ ಆಗಿಲ್ಲವೆಂಬಂತೆ ನಿಲ್ಲಬೇಕು, ಅದೂ ಅದೇ 16.7ರೊಳಗೆ. ಅಭಿಮಾನಿಯ ಯೋಜನೆಯಲ್ಲಿ ಇದರ ಮೇಲೆ ಹಿನ್ನೆಲೆಯಲ್ಲಿ ಇನ್ನೂರು ಪ್ರೇಕ್ಷಕರಿದ್ದಾರೆ. ಒಬ್ಬೊಬ್ಬರ ಗಡ್ಡವೂ ಗಾಳಿಗೆ ಬೇರೆ ಬೇರೆ ಹಾರಬೇಕಂತೆ.

ಹಾಗೆ ತುರುಕಿದವರೂ ಇದ್ದಾರೆ. 2023ರ 'ಮಾರ್ಟಲ್ ಕಾಂಬ್ಯಾಟ್ 1' ಕೈಯಲ್ಲೂ ಹಿಡಿದು ಆಡುವ ನಿಂಟೆಂಡೊ ಸ್ವಿಚ್‌ಗೂ ಬಂತು. ದೊಡ್ಡ ಕನ್ಸೋಲಿನಲ್ಲಿದ್ದಷ್ಟೇ ಬೆಲೆ, 70 ಡಾಲರ್. ಮುಖಗಳು ಮಾತ್ರ ಮೇಣದ ಗೊಂಬೆ ಬಿಸಿಲಲ್ಲಿ ಕೂತಂತೆ. 'ಸ್ವಿಚ್‌ಗೂ ಬೇಕೇ ಬೇಕು' ಎಂದು ಕೂಗಿದ ಬಾಯಿಗಳೇ ಆ ಮುಖ ನೋಡಿ ನಕ್ಕವು.

ಏನೂ ಕಳೆಯದೆ ಕೊಟ್ಟವರೂ ಒಬ್ಬರಿದ್ದರು. ಎಸ್‌ಎನ್‌ಕೆ ಕಂಪನಿ 1990ರಲ್ಲಿ ನಿಯೋ ಜಿಯೋ ಎಂಬ ಯಂತ್ರ ತಂದಾಗ ಆರ್ಕೇಡಿನಲ್ಲಿದ್ದ ಆಟ ಇದ್ದ ಹಾಗೇ ಮನೆಗೆ ಬಂತು. ಅಮೆರಿಕದಲ್ಲಿ ಅದರ ಬೆಲೆ 650 ಡಾಲರ್. ಒಂದೊಂದು ಆಟಕ್ಕೆ 200 ಡಾಲರಿನ ಆಸುಪಾಸು. 'ಎಲ್ಲಾ ಬೇಕು' ಎಂದವರು ಅಂಗಡಿ ತನಕ ಹೋಗಿ, ಗಾಜಿಗೆ ಮೂಗು ಒತ್ತಿ, ವಾಪಸ್ ಬಂದರು.

ತಮಾಷೆ ಏನೆಂದರೆ, ಜೇಬಿನ ಆಟ ಹೇಗಿರಬೇಕು ಅಂತ ಚೆನ್ನಾಗಿ ತೋರಿಸಿದ್ದೂ ಅದೇ ಎಸ್‌ಎನ್‌ಕೆ. 1999ರ ನಿಯೋ ಜಿಯೋ ಪಾಕೆಟ್ ಕಲರ್‌ನಲ್ಲಿ ಎರಡೇ ಆಟದ ಬಟನ್, ಟಿಕ್ ಟಿಕ್ ಅನ್ನುವ ಪುಟಾಣಿ ಸ್ಟಿಕ್. 'ಎಸ್‌ಎನ್‌ಕೆ ವರ್ಸಸ್ ಕ್ಯಾಪ್ಕಾಮ್' ಆಟದ ಜಟ್ಟಿಗಳನ್ನೆಲ್ಲ ದೊಡ್ಡ ತಲೆ, ಗಿಡ್ಡ ಕಾಲಿನವರನ್ನಾಗಿ ಹೊಸದಾಗಿ ಬರೆದರು. ಹುಬ್ಬು ಗಂಟಿಕ್ಕಿದ ಯೋಧರೆಲ್ಲ ಪುಟ್ಟ ಮಕ್ಕಳಂತಾದರು, ಆದರೆ ಹೊಡೆತ ಹಿಡಿತದಲ್ಲಿತ್ತು. ನನ್ನ ಕೇಳಿದರೆ ಆ ಕಾಲದ ಹ್ಯಾಂಡ್‌ಹೆಲ್ಡ್‌ಗಳಲ್ಲಿ ಅದಕ್ಕೆ ಸಾಟಿಯಿಲ್ಲ. ಅಭಿಮಾನಿಯ ತಕರಾರು: ಕಾಲು ಯಾಕೆ ಇಷ್ಟು ಗಿಡ್ಡ?

ಹೋಗಲಿ, ಕಳೆಯುವ ಕೆಲಸವನ್ನೂ ಅಭಿಮಾನಿಗಳಿಗೇ ಬಿಟ್ಟು ನೋಡೋಣ. ಒಬ್ಬೊಬ್ಬರು ಒಬ್ಬನನ್ನು ಮಾತ್ರ ಬಿಡಿ ಎಂದರೆ ಸಾಕು. ದೂರದಿಂದ ಬೆಂಕಿ ಉಂಡೆ ಎಸೆಯುವವನು ಬೇಡ, ಹೇಡಿ ಅನ್ನುತ್ತಾರೆ ಒಬ್ಬರು. ಹಿಡಿದು ಎತ್ತಿ ಕುಕ್ಕುವವನನ್ನು ಮೊದಲು ಕಳಿಸಿ ಅನ್ನುತ್ತಾರೆ ಬೆಂಕಿ ಉಂಡೆಯವರು. ನಿನ್ನೆ ಯಾರ ಕೈಲಿ ಸೋತರೋ ಅವನ ಹೆಸರು ಪಟ್ಟಿಯಲ್ಲಿ. ಎಲ್ಲರ ಪಟ್ಟಿ ಕೂಡಿಸಿದರೆ ಆಟದಲ್ಲಿ ಉಳಿಯುವುದು ಟ್ರೈನಿಂಗ್ ಮೋಡಿನಲ್ಲಿ ಸುಮ್ನೆ ನಿಂತು ಏಟು ತಿನ್ನುವ ಗೊಂಬೆಯೊಂದೇ. ಅದರ ಮೇಲೂ ದೂರು ಬರುತ್ತದೆ: ಎಷ್ಟು ಹೊಡೆದರೂ ಅದರ ಹೆಲ್ತ್ ಮತ್ತೆ ತುಂಬಿಕೊಳ್ಳುತ್ತೆ, ಇದು ಮೋಸ ಅಲ್ವಾ?