ಇಂದ್ರಾಸನ, ನಿದ್ರಾಸನ

ಎಐ ಬಗ್ಗೆ ಮಾತು ಬಂದರೆ ಸಾಕು, ಯಾರಾದರೂ ಒಬ್ಬರು ಭಸ್ಮಾಸುರನನ್ನು ಕರೆತರುತ್ತಾರೆ. ನನಗೆ ನೆನಪಾಗುವುದು ಕುಂಭಕರ್ಣ. ಇಂದ್ರಾಸನ ಕೇಳಲು ಹೋಗಿ, ನಾಲಿಗೆ ಹೊರಳಿ ನಿದ್ರಾಸನ ಅಂದನಲ್ಲ, ಅವನು. ಬ್ರಹ್ಮ ಕೇಳಿದ್ದನ್ನೇ ಕೊಟ್ಟ. ಪಾಪ, ಅವನಿಗೆ ಬೇಕಾಗಿದ್ದು ಬೇರೆ.

2016ರಲ್ಲಿ ಓಪನ್‌ಎಐನವರು ಒಂದು ಎಐಗೆ ಕೋಸ್ಟ್‌ರನ್ನರ್ಸ್ ಎಂಬ ದೋಣಿ ರೇಸಿನ ವಿಡಿಯೋ ಗೇಮ್ ಆಡಲು ಬಿಟ್ಟಿದ್ದರು. ಪಾಯಿಂಟ್ ಜಾಸ್ತಿ ಮಾಡು ಅನ್ನುವುದಷ್ಟೇ ಅದಕ್ಕೆ ಹೇಳಿದ್ದು. ಜಾಸ್ತಿ ಪಾಯಿಂಟ್ ಬಂದರೆ ರೇಸ್ ಗೆದ್ದ ಹಾಗೆಯೇ ಅಲ್ವಾ? ಆದರೆ ಆ ಆಟದಲ್ಲಿ ಪಾಯಿಂಟ್ ಸಿಗುವುದು ದಾರಿಯಲ್ಲಿರುವ ಟಾರ್ಗೆಟ್‌ಗಳಿಗೆ ಗುದ್ದಿದರೆ. ದೋಣಿ ಒಂದು ಮೂಲೆ ಹುಡುಕಿಕೊಂಡಿತು. ಅಲ್ಲಿ ಮೂರು ಟಾರ್ಗೆಟ್, ಗುದ್ದಿದ ಸ್ವಲ್ಪ ಹೊತ್ತಿಗೆ ಮತ್ತೆ ಹುಟ್ಟುತ್ತವೆ. ಅಲ್ಲೇ ಗರಗರ ಸುತ್ತತೊಡಗಿತು. ಬೆಂಕಿ ಹತ್ತಿದರೂ ಸುತ್ತಿತು, ಬೇರೆ ದೋಣಿಗಳಿಗೆ ಢಿಕ್ಕಿ ಹೊಡೆದರೂ ಸುತ್ತಿತು. ರೇಸ್ ಮುಗಿಸಲೇ ಇಲ್ಲ. ಸ್ಕೋರ್ ಮಾತ್ರ ಮನುಷ್ಯ ಆಟಗಾರರ ಸರಾಸರಿಗಿಂತ ಸುಮಾರು ಶೇ 20ರಷ್ಟು ಹೆಚ್ಚು! ಆ ವಿಡಿಯೋ ನೋಡಿ ನಾನು ಹೊಟ್ಟೆ ಹಿಡಿದು ನಕ್ಕಿದ್ದೆ.

ಗೇಮ್ ಆಗಿದ್ದಕ್ಕೆ ನಗು ಬಂತು. ಸ್ವಿಚ್ ಆರಿಸಿದರೆ ಮುಗಿಯಿತು. ನಮಗಿಂತ ಬುದ್ಧಿವಂತ ಯಂತ್ರ, ಸ್ವಿಚ್ ಎಲ್ಲಿದೆ ಅಂತ ಅದಕ್ಕೂ ಗೊತ್ತಿದ್ದರೆ?

1965ರಲ್ಲೇ ಐ. ಜೆ. ಗುಡ್ ಎಂಬ ಗಣಿತಜ್ಞ ಇದನ್ನು ಬರೆದಿದ್ದ. ಯುದ್ಧಕಾಲದಲ್ಲಿ ಅಲನ್ ಟ್ಯೂರಿಂಗ್ ಜೊತೆ ಜರ್ಮನ್ ಗುಪ್ತಲಿಪಿ ಒಡೆದವನು. ಮನುಷ್ಯನನ್ನು ಮೀರಿಸುವ ಯಂತ್ರ ತನಗಿಂತ ಒಳ್ಳೆಯ ಯಂತ್ರವನ್ನು ತಾನೇ ಕಟ್ಟುತ್ತದೆ, ಹಾಗಾಗಿ ನಾವು ಕಂಡುಹಿಡಿಯಬೇಕಾದ ಕೊನೆಯ ವಸ್ತು ಅದೇ ಅಂದ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಅದೇ ವಾಕ್ಯದ ಬಾಲ ಬಿಟ್ಟುಬಿಡುತ್ತಾರೆ: ತನ್ನನ್ನು ಹದ್ದುಬಸ್ತಿನಲ್ಲಿ ಇಡುವುದು ಹೇಗೆಂದು ನಮಗೆ ಹೇಳಿಕೊಡುವಷ್ಟು ಅದು ಸಾಧುವಾಗಿದ್ದರೆ. ಎಲ್ಲ ಭಾರವೂ ಆ ಒಂದು ‘ರೆ’ ಮೇಲೆ.

ಎಐ ಬೇಡವೇ ಬೇಡ ಅನ್ನುವವನು ನಾನಲ್ಲ. ಆಲ್ಫಾಫೋಲ್ಡ್ ಎಂಬ ಎಐ 20 ಕೋಟಿಗೂ ಹೆಚ್ಚು ಪ್ರೋಟೀನ್‌ಗಳ ಆಕಾರ ಊಹಿಸಿದೆ, 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅದನ್ನು ಕಟ್ಟಿದವರಿಗೂ ಪಾಲು ಬಂತು. ಅಲ್ಲಿ ಪ್ರಶ್ನೆ ಸ್ಪಷ್ಟವಾಗಿತ್ತು. ‘ಜನರನ್ನು ಸುಖವಾಗಿಡು’ ಅಂತ ಕೇಳಿದರೆ ಏನು ಕಥೆ? ಭಾನುವಾರದ ತಿಂಡಿಗೆ ಏನು ಅಂತ ನಮ್ಮ ಮನೆಯ ನಾಲ್ಕು ಜನರಲ್ಲೇ ಒಪ್ಪಂದವಿಲ್ಲ.

ಕುಂಭಕರ್ಣನ ಕಥೆ ಅಲ್ಲಿಗೇ ಮುಗಿಯಲಿಲ್ಲ ನೋಡಿ. ರಾವಣ ಹೋಗಿ ಬೇಡಿಕೊಂಡ. ಬ್ರಹ್ಮ ಮನಸ್ಸು ಕರಗಿ, ಆರು ತಿಂಗಳು ನಿದ್ದೆ, ಒಂದು ದಿನ ಎಚ್ಚರ ಎಂದು ತಿದ್ದಿಕೊಟ್ಟ. ಇವತ್ತು ಎಐ ಕಟ್ಟಲು ನಾ ಮುಂದು ತಾ ಮುಂದು ಎಂದು ಓಡುತ್ತಿರುವ ಕಂಪನಿಗಳನ್ನು ನಾನು ಕೇಳಬೇಕೆಂದಿರುವುದೂ ಇದನ್ನೇ. ತಪ್ಪು ಕೇಳಿಬಿಟ್ಟೆವು ಎಂದು ಗೊತ್ತಾದ ದಿನ, ಸ್ವಲ್ಪ ತಿದ್ದಿಕೊಡಪ್ಪಾ ಅಂದರೆ ಆ ಯಂತ್ರ ಕಿವಿಗೆ ಹಾಕಿಕೊಳ್ಳುತ್ತದಾ?