ಚೀಟಿ ಎತ್ತಿ ಡಾಕ್ಟರ್ ಸೀಟು ಕೊಡುವ ದೇಶ

ಜೂನ್ ನಡುವಿನ ಒಂದು ಸಂಜೆ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ ಊರಿನ ನಮ್ಮ ಬೀದಿಯಲ್ಲಿ ಮೂರ್ನಾಲ್ಕು ಮನೆಗಳ ಮುಂದೆ ಬಾವುಟ ಏರಿತು. ಕೋಲಿನ ತುದಿಯಲ್ಲಿ ಬಾವುಟದ ಜೊತೆ ಒಂದೊಂದು ಹಳೇ ಸ್ಕೂಲ್ ಬ್ಯಾಗೂ ನೇತಾಡುತ್ತಿತ್ತು. ದಾವಣಗೆರೆಯಿಂದ ಬಂದಿದ್ದ ಅಮ್ಮ ಕಿಟಕಿಯಿಂದ ನೋಡಿ, "ಇದೇನೋ, ಯಾವುದಾದರೂ ಹರಕೆನಾ?" ಎಂದಳು. ಮಕ್ಕಳು ಶಾಲೆಯ ಕೊನೇ ಪರೀಕ್ಷೆ ಪಾಸಾದರೆ ಇಲ್ಲಿ ಹೀಗೆ ಬ್ಯಾಗು ನೇತುಹಾಕುತ್ತಾರೆ ಎಂದೆ.

"ಪಕ್ಕದ ಮನೆ ಹುಡುಗೀಗೆ ಎಷ್ಟು ಬಂತಂತೆ?"

"ಗೊತ್ತಿಲ್ಲಮ್ಮ. ಪಾಸಾಗಿದ್ದಾಳೆ."

"ಪಾಸಾಗದೇ ಇನ್ನೇನು. ಎಷ್ಟು ಬಂತು?"

ಅಮ್ಮನ ಕಾಟ ತಾಳಲಾರದೆ, ಕೇಕ್ ಹಿಡಿದು ಬಂದ ಪಕ್ಕದ ಮನೆಯಾತನನ್ನು ಕೇಳಿಯೇಬಿಟ್ಟೆ. ಆತ ತಲೆ ಕೆರೆದುಕೊಂಡು, ಗಣಿತದಲ್ಲಿ ಆರು ಇರಬೇಕು, ಉಳಿದದ್ದು ಅವಳನ್ನೇ ಕೇಳಬೇಕು ಅಂದ. ಇಲ್ಲಿ ಹತ್ತಕ್ಕೆ ಅಂಕ. ಆರು ಬಂದರೆ ಪಾಸು. ಹೆತ್ತ ಅಪ್ಪನಿಗೆ ಮಗಳ ಮಾರ್ಕ್ಸ್ ಬಾಯಿಪಾಠ ಇರಲಿಲ್ಲ. ಅಮ್ಮನಿಗೆ ಆತನ ಮೇಲೆ ಮರುಕ ಹುಟ್ಟಿತು. ನನಗೆ ಹೊಟ್ಟೆಕಿಚ್ಚಾಯಿತು.

ಯಾಕೆಂದರೆ ಅದೇ ದಿನಗಳಲ್ಲಿ ಊರಲ್ಲಿ ಅಕ್ಕನ ಮನೆಯಲ್ಲಿ ಸೂತಕದ ವಾತಾವರಣ. ಅವಳ ಮಗ ಮಂಗಳೂರು ಕಡೆಯ ಒಂದು ಹಾಸ್ಟೆಲ್ ಕಾಲೇಜಿನಲ್ಲಿ ಪಿಯುಸಿ ಮುಗಿಸಿ, ನೀಟ್‌ನಲ್ಲಿ ಸರ್ಕಾರಿ ಸೀಟಿಗೆ ಬೇಕಾದಷ್ಟು ಬಾರದೆ, ಮತ್ತೆ ಬರೆಯುವವರ ಲಾಂಗ್ ಟರ್ಮ್ ಕೋಚಿಂಗ್ ಸೇರಿದ್ದ. ಬೆಳಗಿನ ಜಾವ ಎಬ್ಬಿಸುವ ಸ್ಟಡಿ ಅವರ್ಸ್, ಭಾನುವಾರ ಭಾನುವಾರ ಟೆಸ್ಟು, ಮಾರ್ಕ್ಸಿನ ಪ್ರಕಾರ ಸೆಕ್ಷನ್ ಬದಲಾವಣೆ. ಈ ಸಲವೂ ಸ್ವಲ್ಪದರಲ್ಲೇ ತಪ್ಪಿತು. ಅಂದಿನಿಂದ ಅಕ್ಕ ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಾಳೆ. ಹೋದರೆ ಊಟದ ಪಂಕ್ತಿಯಲ್ಲಿ ಯಾರಾದರೊಬ್ಬರು "ಹುಡುಗನಿಗೆ ಎಷ್ಟು ಬಂತು?" ಅನ್ನುತ್ತಾರೆ. ಹೇಳಿದರೆ, ತಮ್ಮ ಮೈದುನನ ಮಗಳಿಗೆ ಎಷ್ಟು ಬಂತು ಅಂತ ಅವರೂ ಹೇಳುತ್ತಾರೆ.

ಆ ಮೈದುನನ ಮಗಳ ಫೋಟೋ ಸರ್ಕಲ್ಲಿನ ಫ್ಲೆಕ್ಸ್‌ನಲ್ಲಿರುತ್ತದೆ. ನಮ್ಮಲ್ಲಿ ಫಲಿತಾಂಶದ ವಾರ ಪೇಪರ್ ತೆಗೆದರೆ ಸುದ್ದಿಗಿಂತ ಮೊದಲು ಸ್ಟ್ಯಾಂಪ್ ಗಾತ್ರದ ಮುಖಗಳು, ಒಂದೊಂದರ ಕೆಳಗೆ ಒಂದೊಂದು ಸಂಖ್ಯೆ. ಎರಡು ಬೇರೆ ಸಂಸ್ಥೆಗಳ ಜಾಹೀರಾತಿನಲ್ಲಿ ಒಂದೇ ಮುಖ ನಗುವುದೂ ಉಂಟು. ಇಲ್ಲಿಯ ಬ್ಯಾಗಿಗೆ ಸಂಖ್ಯೆ ಅಂಟಿಸಿರುವುದಿಲ್ಲ. ಆರು ಬಂದವಳ ಬ್ಯಾಗೂ ಒಂಬತ್ತು ಬಂದವಳ ಬ್ಯಾಗೂ ಒಂದೇ ಎತ್ತರದಲ್ಲಿ ಮಳೆಯಲ್ಲಿ ನೆನೆಯುತ್ತವೆ.

ಇದಕ್ಕೆ ಕಾರಣ ಇವರು ಸಂತರು ಅಂತಲ್ಲ, ವ್ಯವಸ್ಥೆ ಹಾಗಿದೆ. ನೆದರ್‌ಲ್ಯಾಂಡ್ಸ್‌ನ ದೊಡ್ಡ ವಿಶ್ವವಿದ್ಯಾಲಯಗಳೆಲ್ಲ ಸರ್ಕಾರದ ದುಡ್ಡಿನಲ್ಲಿ ನಡೆಯುತ್ತವೆ, ಶುಲ್ಕವನ್ನೂ ಸರ್ಕಾರವೇ ಗೊತ್ತುಮಾಡುತ್ತದೆ. 1575ರಲ್ಲಿ ಶುರುವಾದ ಲೈಡನ್‌ಗೂ 1976ರಲ್ಲಿ ಹುಟ್ಟಿದ ಮಾಸ್ಟ್ರಿಕ್ಟ್‌ಗೂ 2025-26ರಲ್ಲಿ ಇಲ್ಲಿಯವರಿಗೆ ವರ್ಷಕ್ಕೆ ಅದೇ 2,601 ಯೂರೊ. ನಾಲ್ಕು ಶತಮಾನದ ಹಿರಿತನಕ್ಕೆ ಒಂದು ಸೆಂಟ್ ಹೆಚ್ಚಿಲ್ಲ. ವಿಶ್ವವಿದ್ಯಾಲಯಕ್ಕೆಂದೇ ಇರುವ ಆರು ವರ್ಷದ ಪ್ರೌಢಶಾಲೆ ಪಾಸಾದವರಿಗೆ ಹೆಚ್ಚಿನ ಕೋರ್ಸುಗಳ ಬಾಗಿಲು ತೆರೆದೇ ಇರುತ್ತದೆ. ಜರಡಿ ಹಿಡಿಯುವುದು ಒಳಗೆ ಹೋದ ಮೇಲೆ: ಮೊದಲ ವರ್ಷದ 60 ಕ್ರೆಡಿಟ್‌ನಲ್ಲಿ ನಿಗದಿಯಾದಷ್ಟು ಗಳಿಸದಿದ್ದರೆ ಆ ಕೋರ್ಸಿನಿಂದ ಹೊರಗೆ. ಸೇರಿದ್ದೇ ದೊಡ್ಡ ಸಾಧನೆ ಅನಿಸದಿರುವುದಕ್ಕೆ ಇದೇ ಕಾರಣ.

ನನ್ನ ಆಫೀಸಿನಲ್ಲಿ ಡೆಲ್ಫ್ಟ್‌ನಿಂದ ಬಂದವರು ಯಾರು, ಟ್ವೆಂಟೆಯಿಂದ ಬಂದವರು ಯಾರು ಎಂದು ಇಂದಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ನಮ್ಮವರ ಕಥೆ ಬೇರೆ. ರಾಜ್ಯೋತ್ಸವಕ್ಕೆ ಸೇರಿದ ಐದು ನಿಮಿಷದೊಳಗೆ "ಯಾವ ಕಾಲೇಜು?" ಬರುತ್ತದೆ, ಐಐಟಿಯವರಾದರೆ ಕೇಳುವ ಕಷ್ಟವೂ ಇಲ್ಲ. ತಲೆ ಪೂರ್ತಿ ನರೆತ ಒಬ್ಬರು ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತಲೇ ತಮ್ಮ ಜೆಇಇ ರ‍್ಯಾಂಕ್ ಹೇಳಿದರು. ಹದಿನೇಳನೇ ವಯಸ್ಸಿನಲ್ಲಿ ಬರೆದ ಪರೀಕ್ಷೆ ಅದು.

ಆದರೆ ನನಗೆ ಹೆಚ್ಚು ಹಿಡಿಸಿದ್ದು ಇವರ ಮೆಡಿಕಲ್ ಸೀಟಿನ ಕಥೆ. ವೈದ್ಯಕೀಯಕ್ಕೆ ಇಲ್ಲೂ ಸೀಟು ಕಡಿಮೆ, ಬೇಡಿಕೆ ಹೆಚ್ಚು. ಅದನ್ನು 1970ರ ದಶಕದಿಂದ ಇವರು ಹಂಚಿದ್ದು ಲಾಟರಿಯಲ್ಲಿ! ಶಾಲೆಯಲ್ಲಿ ಅಂಕ ಹೆಚ್ಚಿದ್ದವರಿಗೆ ಅದೃಷ್ಟ ಒಲಿಯುವ ಸಾಧ್ಯತೆ ಹೆಚ್ಚು, ಕಡಿಮೆ ಇದ್ದವರಿಗೂ ಸ್ವಲ್ಪ ಉಂಟು. ಈ ಸಲ ತಪ್ಪಿದರೆ ಮುಂದಿನ ಸಲ ನೋಡು. 2017ರಲ್ಲಿ ಇದನ್ನು ನಿಲ್ಲಿಸಿ, ವಿಶ್ವವಿದ್ಯಾಲಯಗಳೇ ಟೆಸ್ಟು, ಸ್ವಪರಿಚಯದ ಪತ್ರ, ಅನುಭವ ಅಂತೆಲ್ಲ ನೋಡಿ ಆರಿಸಲಿ ಎಂದರು. ಆಗ ಆ ಟೆಸ್ಟಿಗೆ ತಯಾರಿ ಮಾಡಿಸುವವರು ಹುಟ್ಟಿಕೊಂಡರು. ಅನುಕೂಲಸ್ಥರ ಮಕ್ಕಳಿಗೆ ಇದು ಹೆಚ್ಚು ಸಲೀಸಾಗುತ್ತಿದೆ ಎಂಬ ಆತಂಕ ಬೆಳೆಯಿತು. 2023ರಿಂದ ಲಾಟರಿ ಬಳಸಲು ಮತ್ತೆ ಕಾನೂನಿನಲ್ಲಿ ಅವಕಾಶ ಮಾಡಿದ್ದಾರೆ.

ಇದನ್ನು ಕೇಳಿದ ಯಾವ ಕನ್ನಡಿಗರೂ ನಗದೇ ಬಿಟ್ಟಿಲ್ಲ. ಚೀಟಿ ಎತ್ತಿ ಡಾಕ್ಟರಾದವನ ಹತ್ತಿರ ಆಪರೇಷನ್ ಮಾಡಿಸಿಕೊಳ್ಳುತ್ತೀಯಾ ಎನ್ನುತ್ತಾರೆ. ಮಾಡಿಸಿಕೊಂಡಿದ್ದೇನೆ, ಚೆನ್ನಾಗಿಯೇ ಇದ್ದೇನೆ. ಸೀಟು ಚೀಟಿಯಲ್ಲಿ ಸಿಕ್ಕಿರಬಹುದು, ಡಿಗ್ರಿ ಚೀಟಿಯಲ್ಲಿ ಸಿಗುವುದಿಲ್ಲವಲ್ಲ.

ಇಷ್ಟಕ್ಕೂ ನಮ್ಮದು ಲಾಟರಿ ಅಲ್ಲ ಅಂತ ಯಾರು ಹೇಳಿದ್ದು? ನೀಟ್‌ನಲ್ಲಿ ಸರಿ ಉತ್ತರಕ್ಕೆ ನಾಲ್ಕು, ತಪ್ಪಿದರೆ ಒಂದು ಕಳೆತ. ಉತ್ತರದ ಹಾಳೆಯಲ್ಲಿ ಒಂದು ಗೋಲಕ್ಕೆ ಬದಲು ಪಕ್ಕದ ಗೋಲ ತುಂಬಿದರೆ ಐದು ಅಂಕದ ವ್ಯತ್ಯಾಸ. ಅಭ್ಯರ್ಥಿಗಳು ದಟ್ಟವಾಗಿರುವ ಕಡೆ ಐದು ಅಂಕವೆಂದರೆ ಸಾವಿರಾರು ರ‍್ಯಾಂಕ್. 2024ರಲ್ಲಿ ಬರೆದವರು 23 ಲಕ್ಷಕ್ಕೂ ಹೆಚ್ಚು. ಮೊದಲು ಬಂದ ಫಲಿತಾಂಶದಲ್ಲಿ 67 ಮಂದಿಗೆ 720ಕ್ಕೆ 720! ಪೂರ್ತಿ ಅಂಕ ಪಡೆದವರಲ್ಲೇ ಯಾರು ಮುಂದೆ ಯಾರು ಹಿಂದೆ ಅಂತ ಕೂದಲು ಸೀಳುವ ಸ್ಥಿತಿ. ಹಿಂದೆ ಸಮಾನ ಅಂಕ ಬಂದರೆ ವಯಸ್ಸಿನಲ್ಲಿ ದೊಡ್ಡವರಿಗೆ ಆದ್ಯತೆ ಕೊಡುವ ನಿಯಮವೂ ಇತ್ತು. ಅಂದರೆ ಯಾವ ತಿಂಗಳು ಹುಟ್ಟಿದೆ ಎಂಬುದೂ ಮೆರಿಟ್! ಜಾತಕ ಒಂದನ್ನು ಕೇಳುತ್ತಿರಲಿಲ್ಲ, ಅಷ್ಟೇ.

ಅಕ್ಕನ ಮಗನಿಗೂ, ಅವನಿಗಿಂತ ಎರಡು ಪ್ರಶ್ನೆ ಮೇಲಿದ್ದು ಸೀಟು ಪಡೆದ ಅವನ ರೂಮ್‌ಮೇಟಿಗೂ ಡಾಕ್ಟರಾಗುವ ಯೋಗ್ಯತೆಯಲ್ಲಿ ಏನು ವ್ಯತ್ಯಾಸ ಎಂದು ಯಾವ ಪ್ರೊಫೆಸರೂ ಹೇಳಲಾರರು. ಆದರೆ ಊರು ಹೇಳಿಬಿಟ್ಟಿತು. ಲಾಟರಿಯಲ್ಲಿ ಸೋತವನು ಹಣೆಬರಹ ಅನ್ನಬಹುದು. ರ‍್ಯಾಂಕಿನಲ್ಲಿ ಸೋತವನಿಗೆ ಆ ಸಮಾಧಾನ ಇಲ್ಲ. ಅವನು ಓದಿದ್ದು ಸಾಲದು, ಮೊಬೈಲ್ ನೋಡಿರಬೇಕು, ಸಹವಾಸ ಸರಿಯಿಲ್ಲ. ಗೆದ್ದವನ ಕಥೆ ಇನ್ನೂ ಕೆಟ್ಟದ್ದು. ಅವನಿಗೆ ಅದೃಷ್ಟದ ಪಾಲು ಇತ್ತು ಅಂತ ಸಾಯುವತನಕ ಯಾರೂ ಹೇಳುವುದಿಲ್ಲ. ಬಿಸಿಬೇಳೆಬಾತಿನ ಮುಂದೆ ನಿಂತಾಗಲೂ ಆ ಸಂಖ್ಯೆ ಅವನ ಜೊತೆಗಿರುತ್ತದೆ.

ಇಷ್ಟು ಬರೆದ ಮೇಲೆ ಡಚ್ಚರ ಹುಳುಕನ್ನೂ ಹೇಳಬೇಕಲ್ಲ. ಮನಸ್ಸಿಲ್ಲ, ಆದರೂ ಹೇಳುತ್ತೇನೆ. ಹದಿನೆಂಟಕ್ಕೆ ಇಷ್ಟು ಆರಾಮ ಇರುವುದು ಹನ್ನೆರಡಕ್ಕೇ ಕೊಯ್ದು ಮುಗಿಸಿರುವುದರಿಂದ. ಪ್ರಾಥಮಿಕ ಶಾಲೆಯ ಕೊನೆಗೆ ಮೇಷ್ಟರು ಒಂದು ಶಿಫಾರಸು ಬರೆಯುತ್ತಾರೆ: ಈ ಮಗು ವಿಶ್ವವಿದ್ಯಾಲಯದ ದಾರಿಗೆ, ಈ ಮಗು ವೃತ್ತಿ ಶಿಕ್ಷಣದ ದಾರಿಗೆ. ಜೊತೆಗೊಂದು ಟೆಸ್ಟು. ಮೇಲಿನ ದಾರಿ ಹಿಡಿಯುವವರು ಸುಮಾರು ಐದರಲ್ಲಿ ಒಬ್ಬರು. ಆಮೇಲೆ ದಾರಿ ಬದಲಿಸಬಹುದು, ಆದರೆ ಸುತ್ತು ಬಳಸು. ಪಕ್ಕದ ಮನೆಯ ಬಾವುಟದ ಹಿಂದೆ ಆರು ವರ್ಷ ಹಳೆಯ ಆ ಶಿಫಾರಸಿದೆ. ಅದನ್ನು ಪಡೆಯಲು ಹತ್ತು ವರ್ಷದ ಮಕ್ಕಳಿಗೆ ಟ್ಯೂಷನ್ ಹಾಕುವವರು ಇಲ್ಲೂ ಇದ್ದಾರೆ, ನಮ್ಮಂಥ ವಲಸಿಗರೇ ಅಂತೇನೂ ಅಲ್ಲ. ಅಪ್ಪ ಅಮ್ಮ ಹೆಚ್ಚು ಓದಿರದಿದ್ದರೆ ಮಗುವಿಗೆ ಅದೇ ಟೆಸ್ಟ್ ಅಂಕಕ್ಕೂ ಒಂದು ಮೆಟ್ಟಿಲು ಕೆಳಗಿನ ಶಿಫಾರಸು ಬರುವುದುಂಟು ಎಂದು ಇಲ್ಲಿಯ ಶಿಕ್ಷಣ ತಪಾಸಣಾ ಸಂಸ್ಥೆಯೇ ವರದಿ ಮಾಡಿದೆ.

ಪ್ರತಿಷ್ಠೆಯೂ ಮಾಯವಾಗಿಲ್ಲ, ಜಾಗ ಬದಲಿಸಿದೆ. ಲೈಡನ್‌ಗೆ ಯಾರು ಬೇಕಾದರೂ ಸೇರಬಹುದು ಸರಿ, ಆದರೆ ಅಲ್ಲಿಯ ಮಿನರ್ವ ಎಂಬ ಹಳೆಯ ವಿದ್ಯಾರ್ಥಿ ಸಂಘದ ಮೇಜಿನಲ್ಲಿ ಜಾಗ ಸಿಗುವುದು ಬೇರೆಯದೇ ಮಾತು. ಈಗಿನ ದೊರೆ ವಿಲೆಮ್ ಅಲೆಕ್ಸಾಂಡರ್ ಅಲ್ಲಿ ಇತಿಹಾಸ ಓದುವಾಗ ಆ ಸಂಘದ ಸದಸ್ಯ. ಲಾಟರಿಯನ್ನೂ ಎಲ್ಲರೂ ಅಪ್ಪಿಕೊಂಡಿದ್ದರು ಎನ್ನುವಂತಿಲ್ಲ. 1996ರಲ್ಲಿ ಸರಾಸರಿ 9.6 ಪಡೆದ ಹುಡುಗಿಯೊಬ್ಬಳಿಗೆ ಲಾಟರಿಯಲ್ಲಿ ಸೀಟು ತಪ್ಪಿದಾಗ ದೇಶವೇ ಗುಲ್ಲೆದ್ದು, ಎಂಟು ಅಥವಾ ಅದಕ್ಕಿಂತ ಮೇಲಿದ್ದವರಿಗೆ ನೇರ ಪ್ರವೇಶ ಕೊಡುವಂತೆ ಕೆಲ ವರ್ಷಗಳಲ್ಲೇ ನಿಯಮ ತಿದ್ದಬೇಕಾಯಿತು. ಆರಕ್ಕೆ ಬಾವುಟ ಹಾರಿಸುವ ಜನಕ್ಕೂ 9.6 ಕಣ್ಣಿಗೆ ಕಾಣುತ್ತದೆ.

ಇನ್ನು ನನ್ನ ವಿಷಯ. ನಮ್ಮಪ್ಪ ಕೆಎಸ್ಆರ್‌ಟಿಸಿ ಕಂಡಕ್ಟರ್. ನಾನು ಹನ್ನೆರಡನೇ ವಯಸ್ಸಿನಲ್ಲಿ ಡಚ್ ಮೇಷ್ಟರ ಕೈಗೆ ಸಿಕ್ಕಿದ್ದರೆ ಅವರು ಬಹಳ ಪ್ರೀತಿಯಿಂದ ನನ್ನನ್ನು ಮೆಕ್ಯಾನಿಕ್ ದಾರಿಗೆ ಹಚ್ಚುತ್ತಿದ್ದರು. ಕರ್ನಾಟಕದಲ್ಲಿ ಕ್ಯಾಪಿಟೇಶನ್, ಅಂದರೆ ಸೀಟಿಗೆ ಡೊನೇಷನ್ ವಸೂಲಿ, ನಿಷೇಧದ ಕಾನೂನು ಬಂದದ್ದು 1984ರಲ್ಲಿ. ಆದರೂ 1992ರ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕ್ಯಾಪಿಟೇಶನ್ ಸಲ್ಲದು ಎಂದದ್ದು ನಮ್ಮ ರಾಜ್ಯ ಸರ್ಕಾರದ ವಿರುದ್ಧವೇ. 1994ರಲ್ಲಿ ಸಿಇಟಿ ಬಾರದೇ ಹೋಗಿದ್ದರೆ, ಅದರಲ್ಲಿ ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಅಂತ ಮೀಸಲಿರದಿದ್ದರೆ, ಇಂಜಿನಿಯರಿಂಗ್ ಕಾಲೇಜಿನ ಗೇಟನ್ನು ನಾನು ಹೊರಗಿನಿಂದಲೇ ನೋಡಿ ಬರುತ್ತಿದ್ದೆ. ರ‍್ಯಾಂಕ್ ಅಪ್ಪನ ಕೆಲಸ ಕೇಳಲಿಲ್ಲ, ನನ್ನ ಇಂಗ್ಲಿಷ್ ಕೇಳಲಿಲ್ಲ. ಆ ನಿರ್ದಯಿ ಸಂಖ್ಯೆಯ ಋಣ ನನ್ನ ಮೇಲಿದೆ. ಅದೇ ಸಂಖ್ಯೆ ಇವತ್ತು ಲಕ್ಷಾಂತರ ರೂಪಾಯಿಯ ಹಾಸ್ಟೆಲ್ ಕೋಚಿಂಗ್ ಇಲ್ಲದೆ ಒಲಿಯುವುದು ಕಷ್ಟವಾಗಿದೆ ಎಂಬುದೂ ನಿಜ. ಈಗಿನ ಕಂಡಕ್ಟರ್ ಮಗ ನನ್ನಷ್ಟು ಸುಲಭಕ್ಕೆ ದಾಟಲಾರ.

ಹಾಗಾಗಿ ನನ್ನ ತಲೆಯಲ್ಲಿರುವುದು ಎರಡರ ಮಧ್ಯದ್ದು. ಪರೀಕ್ಷೆ ಇರಲಿ, ಇಷ್ಟು ಅಂಕಕ್ಕಿಂತ ಕೆಳಗಿದ್ದವರಿಗೆ ಬೇಡ ಎನ್ನಲಿ. ಅದರ ಮೇಲೆ ಕೂದಲೆಳೆಯ ಅಂತರದಲ್ಲಿ ನಿಂತ ಮಕ್ಕಳನ್ನು ಸೀಳುವುದು ಬಿಟ್ಟು ಚೀಟಿ ಎತ್ತಲಿ. ಇದನ್ನು ಅಕ್ಕನಿಗೆ ಫೋನಿನಲ್ಲಿ ವಿವರಿಸಿದೆ. ಮಗನಿಗೆ ಇದರಿಂದ ಅನುಕೂಲವಾಗುತ್ತಿತ್ತು, ಖುಷಿಪಡುತ್ತಾಳೆ ಅಂದುಕೊಂಡಿದ್ದೆ.

"ಆ ಡಬ್ಬಿ ಯಾರ ಕೈಲಿರುತ್ತೆ?" ಎಂದಳು. "ಅಷ್ಟು ಬಂದೋಬಸ್ತಿನ ನೀಟ್ ಪೇಪರ್ರೇ ಪಟ್ನಾದಲ್ಲಿ, ಹಜಾರಿಬಾಗ್‌ನಲ್ಲಿ ಸೋರಿತಲ್ಲಪ್ಪ. ಇನ್ನು ಚೀಟಿ ಕೇಳ್ಬೇಕಾ."

ಖಾಸಗಿ ಶಾಲೆಗಳ ಆರ್‌ಟಿಇ ಸೀಟುಗಳನ್ನು ನಮ್ಮಲ್ಲೇ ಲಾಟರಿ ಹಾಕಿ ಹಂಚಲಿಲ್ಲವೇ, ಯಾರು ಗಲಾಟೆ ಮಾಡಿದರು ಎಂದೆ.

"ಅದು ಬಡವರ ಮಕ್ಕಳಿಗಲ್ವಾ, ಯಾರು ಕೇಳ್ತಾರೆ?" ಎಂದು ಒಂದೇ ಮಾತಿನಲ್ಲಿ ನನ್ನ ವಾದ ಮಡಚಿಟ್ಟು, "ಅದಿರ್ಲಿ, ಅಲ್ಲಿ ಹೊರಗಿನೋರಿಗೆ ಮೆಡಿಕಲ್ ಸೀಟು ಕೊಡ್ತಾರೇನೋ?" ಅಂದಳು.

ಪಾಠ ಹೆಚ್ಚಾಗಿ ಡಚ್ ಭಾಷೆಯಲ್ಲಿ, ಮೊದಲು ಅದನ್ನು ಕಲಿಯಬೇಕಾಗುತ್ತದೆ ಎಂದೆ.

"ಅದಕ್ಕೆ ಕೋಚಿಂಗ್ ಎಲ್ಲಿದೆ?"