ಸಿವಿಎಸ್ ಮೂಲೆಯ ಕ್ಲಿನಿಕ್ ನಿಮ್ಮ ಡಾಕ್ಟರ್ ಅಲ್ಲ

ಅಮೆರಿಕದಲ್ಲಿರುವ ನಮ್ಮ ಕನ್ನಡದವರಲ್ಲಿ ಎಷ್ಟೋ ಜನ ವರ್ಷಗಟ್ಟಲೆ ತಮ್ಮದು ಅಂತ ಒಬ್ಬ ಡಾಕ್ಟರನ್ನು ಗೊತ್ತು ಮಾಡಿಕೊಂಡೇ ಇರುವುದಿಲ್ಲ. ಗಂಟಲು ನೋವು ಬಂತಾ, ಸಿವಿಎಸ್ ಔಷಧಿ ಅಂಗಡಿಯ ಒಳಗಿನ ಮಿನಿಟ್‌ಕ್ಲಿನಿಕ್‌ಗೆ ಹೋದರಾಯ್ತು ಅನ್ನುತ್ತಾರೆ. ಗಂಟಲು ನೋವಿಗೆ ಹೋಗಿ, ತಪ್ಪೇನಿಲ್ಲ. ಆ ಕ್ಲಿನಿಕ್ 2000ರಲ್ಲಿ ಮಿನ್ನಿಯಾಪೊಲಿಸ್ ಕಡೆಯ ದಿನಸಿ ಅಂಗಡಿಗಳಲ್ಲಿ ಶುರುವಾಗಿದ್ದೇ ಇಂಥ ಕೆಲವೇ ಸಣ್ಣ ಕಾಯಿಲೆಗಳಿಗೆ. ಅಲ್ಲಿ ರೋಗಿಗಳನ್ನು ನೋಡಿ ಔಷಧಿ ಬರೆದುಕೊಡುವ ನರ್ಸ್ ಪ್ರಾಕ್ಟಿಷನರ್‌ಗಳು ಚೆನ್ನಾಗಿ ಓದಿಕೊಂಡವರೇ. ಕೊರತೆ ಅವರ ವಿದ್ಯೆಯಲ್ಲಿಲ್ಲ. ಹೋದ ವರ್ಷ ನೀವು ಹೇಗಿದ್ದಿರಿ ಅನ್ನುವುದು ಅವರಿಗೆ ಗೊತ್ತಿಲ್ಲ, ಅಷ್ಟೇ.

ಗಂಟಲು ನೋವನ್ನೇ ನೋಡಿ. ಹತ್ತಿಯ ಕಡ್ಡಿಯಿಂದ ಗಂಟಲು ಒರೆಸಿ ಸ್ಟ್ರೆಪ್ ಎಂಬ ಬ್ಯಾಕ್ಟೀರಿಯಾದ ಟೆಸ್ಟ್ ಮಾಡುತ್ತಾರೆ, ಅಲ್ಲೇ ಕೂತಿದ್ದಾಗಲೇ ಉತ್ತರ ಬರುತ್ತದೆ. ಪಾಸಿಟಿವ್ ಬಂದರೆ ಸಾಮಾನ್ಯವಾಗಿ 10 ದಿನದ ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯೋಟಿಕ್. ಮೂರನೇ ದಿನಕ್ಕೆ ನೋವು ಹೋಯ್ತು ಅಂತ ನಿಲ್ಲಿಸಬೇಡಿ. ಕೆಮ್ಮು, ಸೋರುವ ಮೂಗು, ಒಡೆದ ಧ್ವನಿ ಜೊತೆಗಿದ್ದರೆ ಅದು ಬಹುಪಾಲು ವೈರಸ್. ಸಿಂಬಳ ಹಸಿರಾಗಿದೆ ಅಂತ ಆ್ಯಂಟಿಬಯೋಟಿಕ್‌ಗೆ ಹಟ ಹಿಡಿಯಬೇಡಿ.

ಎಡವುವುದು ಬಿಪಿ ವಿಷಯದಲ್ಲಿ. ಜನವರಿಯಲ್ಲಿ ಫ್ಲೂ ಅಂತ ಒಂದು ಕ್ಲಿನಿಕ್‌ಗೆ ಹೋದಾಗ ಮೇಲಿನ ಸಂಖ್ಯೆ 136. ಜೂನ್‌ನಲ್ಲಿ ಕಿವಿ ನೋವಿಗೆ ಇನ್ನೊಂದು ಕಡೆ 141. ನವೆಂಬರ್‌ನಲ್ಲಿ ಮತ್ತೊಂದು ಕಡೆ 147. ಮೂರೂ ಚೀಟಿಯಲ್ಲಿ 'ನಿಮ್ಮ ಡಾಕ್ಟರನ್ನು ನೋಡಿ' ಎಂಬ ಒಂದೇ ಸಾಲು. ಆ ಡಾಕ್ಟರೇ ಇಲ್ಲ! ಮೂರು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡುವವರು ಯಾರು? ಅಲ್ಲಿ ಅಳೆಯುವ ರೀತಿಯೂ ಒಮ್ಮೊಮ್ಮೆ ಸರಿಯಿರುವುದಿಲ್ಲ. ಕಾಫಿ ಕುಡಿದಿದ್ದರೆ ಅರ್ಧ ಗಂಟೆ ಕಳೆದಿರಬೇಕು, 5 ನಿಮಿಷ ಸುಮ್ಮನೆ ಕೂತಿರಬೇಕು, ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ, ಮಾತು ಬೇಡ. ತೋಳು ಜೋತುಬಿದ್ದಿದ್ದರೂ ತೋಳಿಗೆ ಸುತ್ತುವ ಪಟ್ಟಿ ಚಿಕ್ಕದಾಗಿದ್ದರೂ ಸಂಖ್ಯೆ ಸುಳ್ಳೇ ಮೇಲೇರುತ್ತದೆ. ಮನೆಯಲ್ಲಿ ತೋಳಿಗೆ ಕಟ್ಟುವ ಯಂತ್ರದಿಂದ ಒಂದು ವಾರ ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ನೋಡಿ ಬರೆದಿಡಿ. ಶುಗರ್ ಕೂಡ ಹೀಗೇ. ಬೇರೆಯವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 25ಕ್ಕೆ ಪರೀಕ್ಷೆಯ ಯೋಚನೆ ಬಂದರೆ, ಏಷ್ಯಾ ಮೂಲದ ನಮಗೆ ಅಲ್ಲಿನ ಡಯಾಬಿಟಿಸ್ ಸಂಘ ಹೇಳುವುದು 23. ಕಿವಿ ನೋವಿಗೆ ಹೋದವರಿಗೆ ಇದನ್ನು ಯಾರೂ ನೆನಪಿಸುವುದಿಲ್ಲ.

ಅಂಗಡಿಯ ಕ್ಲಿನಿಕ್ ನಾಳೆ ಇರುತ್ತದೆ ಅನ್ನುವ ಖಾತ್ರಿಯೂ ಇಲ್ಲ. 2024ರ ಏಪ್ರಿಲ್‌ನಲ್ಲಿ ವಾಲ್‌ಮಾರ್ಟ್ ತನ್ನ 51 ಆರೋಗ್ಯ ಕೇಂದ್ರಗಳನ್ನೂ ಮುಚ್ಚುವುದಾಗಿ ಹೇಳಿಬಿಟ್ಟಿತು.

ಕೆಲಸಕ್ಕೋ ಮಕ್ಕಳ ಶಾಲೆಯಲ್ಲಿ ಕೈಜೋಡಿಸುವುದಕ್ಕೋ ಟಿಬಿ ಟೆಸ್ಟ್ ಕೇಳಿದರೆ ಎಚ್ಚರ. ಮೊಣಕೈ ಕೆಳಗೆ ಚುಚ್ಚುವ ಟೆಸ್ಟನ್ನು 48ರಿಂದ 72 ಗಂಟೆಯೊಳಗೆ ಮತ್ತೆ ಹೋಗಿ ತೋರಿಸಬೇಕು. ಹುಟ್ಟಿದಾಗ ಊರಿನಲ್ಲಿ ಟಿಬಿ ತಡೆಯುವ ಬಿಸಿಜಿ ಲಸಿಕೆ ಹಾಕಿಸಿಕೊಂಡವರಿಗೆ ಟಿಬಿ ಇಲ್ಲದಿದ್ದರೂ ಅದು ಪಾಸಿಟಿವ್ ಬರಬಹುದು. ಆಮೇಲೆ ಎಕ್ಸ್‌ರೇ, ಅಲೆದಾಟ. ಮೊದಲೇ ಬಿಸಿಜಿ ಆಗಿದೆ ಅಂತ ಹೇಳಿ, ಕ್ವಾಂಟಿಫೆರಾನ್‌ನಂಥ ರಕ್ತಪರೀಕ್ಷೆ ಕೇಳಿ.

ಊರಿಂದ ಬಂದ ಅಪ್ಪ-ಅಮ್ಮನನ್ನು ಕರೆದೊಯ್ಯುವಾಗ ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ. ಬಿಪಿ ಮಾತ್ರೆ 'ಟೆಲ್ಮಾ' ಅಂದರೆ ಅಲ್ಲಿ ಅರ್ಥವಾಗುವುದಿಲ್ಲ. ಟೆಲ್ಮಿಸಾರ್ಟನ್ 40 ಎಂಜಿ ಅಂತ ಬರೆಯಿರಿ. ಇಲ್ಲದಿದ್ದರೆ ನೋವಿಗೆ ಐಬುಪ್ರೊಫೇನ್ ಕೈಗೆ ಬರುತ್ತದೆ, ಅದು ಬಿಪಿ ಏರಿಸುತ್ತದೆ, ಇಂಥ ಮಾತ್ರೆಯ ಜೊತೆ ಸೇರಿ ಮೂತ್ರಪಿಂಡಕ್ಕೂ ಪೆಟ್ಟು. ಮೂಗು ಕಟ್ಟಿದ್ದಕ್ಕೆ ಕೊಡುವ ಸುಡೋಎಫೆಡ್ರಿನ್ ಕೂಡ ಬಿಪಿಗೆ ಒಳ್ಳೆಯದಲ್ಲ. ಅಮ್ಮ ತಂದ ಡೋಲೋ 650 ನುಂಗಿದ ಮೇಲೆ ನೆಗಡಿಗೆ ಕೊಡುವ ಡೇಕ್ವಿಲ್‌ನ ಎರಡು ಕ್ಯಾಪ್ಸೂಲ್ ಕೊಟ್ಟರೆ ಒಂದೇ ಹೊತ್ತಿಗೆ 1300 ಎಂಜಿ ಪ್ಯಾರಾಸಿಟಮಾಲ್ ಒಳಗೆ ಹೋಯಿತು. ಅಮೆರಿಕದಲ್ಲಿ ಅದರ ಹೆಸರು ಅಸಿಟಮಿನೋಫೆನ್.

ಎದೆನೋವು, ಮಾತು ತೊದಲುವುದು, ಉಸಿರು ಕಟ್ಟುವುದು – ಇವಕ್ಕೆ ಕ್ಲಿನಿಕ್ ಬೇಡವೇ ಬೇಡ, ತುರ್ತು ಸಹಾಯದ 911ಕ್ಕೆ ಫೋನ್ ಮಾಡಿ. ಎಳೆ ಕೂಸುಗಳಿಗೆ ಮಕ್ಕಳ ಡಾಕ್ಟರೇ ಸರಿ. ಒಂದೂವರೆ ವರ್ಷದೊಳಗಿನವರನ್ನು ಮಿನಿಟ್‌ಕ್ಲಿನಿಕ್‌ನವರೇ ನೋಡುವುದಿಲ್ಲ.

ಡಾಕ್ಟರನ್ನು ಆರೋಗ್ಯವಾಗಿದ್ದಾಗಲೇ ಹುಡುಕಿ. ಇನ್ಶೂರೆನ್ಸ್ ವೆಬ್‌ಸೈಟಿನಲ್ಲಿ ಹೆಸರಿದ್ದರೂ ಫೋನ್ ಮಾಡಿ, ಹೊಸಬರನ್ನು ತೆಗೆದುಕೊಳ್ಳುತ್ತೀರಾ, ನಮ್ಮ ಪ್ಲಾನ್ ನಡೆಯುತ್ತದಾ ಅಂತ ಕೇಳಿ. ತಿಂಗಳುಗಟ್ಟಲೆ ಕಾಯಬೇಕೆಂದರೆ ತಾರೀಖು ಹಿಡಿದಿಟ್ಟುಕೊಂಡು, ಯಾರಾದರೂ ರದ್ದು ಮಾಡಿದರೆ ಕರೆಯಿರಿ ಅನ್ನಿ. ವರ್ಷದ ತಪಾಸಣೆಗೆ ಹೆಚ್ಚಿನ ಪ್ಲಾನ್‌ಗಳಲ್ಲಿ ದುಡ್ಡು ಕೊಡಬೇಕಿಲ್ಲ, ಆದರೆ ಅದರ ಜೊತೆ ಹಳೆಯ ಮಂಡಿನೋವಿನ ಮಾತನ್ನೂ ತೆಗೆದರೆ ಬೇರೆ ಬಿಲ್ ಬರಬಹುದು. ಅಲ್ಲಿಯವರೆಗೆ ಕ್ಲಿನಿಕ್‌ಗೆ ಹೋದಾಗಲೆಲ್ಲ ಚೀಟಿ ಇಸಕೊಳ್ಳಿ. ಮೊದಲ ಭೇಟಿಯ ದಿನ ಆ 136, 141, 147ರ ಮೂರೂ ಚೀಟಿ, ಮನೆಯಲ್ಲಿ ಬರೆದಿಟ್ಟ ಒಂದು ವಾರದ ಲೆಕ್ಕ, ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ ಡಾಕ್ಟರ ಮುಂದೆ ಇಡಿ.